ಅಗಸೆ ಎಣ್ಣೆಯ ಬಟ್ಟೆ

ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಬಡಗಿ ಅಣ್ಣತಮ್ಮಂದಿರ ಶೆಡ್ಡಿಗೆ ಬೆಂಕಿ ಬಿತ್ತು. ಆಗ ಒಳಗೆ ಯಾರೂ ಇರಲಿಲ್ಲ. ಎದುರುಗಡೆಯ ಸೈಕಲ್ ರಿಪೇರಿಯವನು ಕಿಟಕಿಯಿಂದ ಹೊಗೆ ಬರುವುದನ್ನು ಕಂಡು ಕೂಗಿಕೊಂಡ. ಬೀದಿಯವರು ಬಕೆಟ್ಟು, ಕೊಡ, ಮರಳು, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಸುರಿದರು. ಮೂರು ಗಂಟೆಗೆ ಬೆಂಕಿ ಆರಿತು. ಒಂದು ಹೋಟೆಲಿಗೆಂದು ಮಾಡಿ ಮುಗಿಸಿದ್ದ ಊಟದ ಮೇಜುಗಳು, ಕುರ್ಚಿಗಳು, ಪಾಲಿಶ್ ಮಾಡುವ ಬೆಂಚು ಸುಟ್ಟು ಕರಿಯಾದವು. ಯಾರಿಗೂ ಗಾಯವಾಗಲಿಲ್ಲ.

ಮೂರೂಕಾಲಿಗೆ ಎಳ್ಳಕ್ಕನ ಹೆಸರು ಬಂತು.

ಎಳ್ಳಕ್ಕ ಎಂದರೆ ತಮ್ಮನ ಹೆಂಡತಿ. ಶೆಡ್ಡಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಅವಳು ಗ್ಯಾಸ್ ಒಲೆ ಇಟ್ಟುಕೊಂಡು ಬೀಜ ಹುರಿದು ಮಾರುತ್ತಿದ್ದಳು: ಕಡಲೆಕಾಯಿ ಬೀಜ, ಎಳ್ಳು, ಅಗಸೆ, ಸೂರ್ಯಕಾಂತಿ, ಕುಂಬಳ. ಬೀದಿಯ ಕಡೆಗೆ ಒಂದು ಕಿಟಕಿ, ಅದೇ ಅಂಗಡಿ. ಶೆಡ್ಡಿಗೂ ಕೋಣೆಗೂ ನಡುವೆ ಇಟ್ಟಿಗೆ ಗೋಡೆ, ಗೋಡೆಯಲ್ಲೊಂದು ಮರದ ಬಾಗಿಲು. ಆ ಗೋಡೆ ಕಟ್ಟಿಸಿಕೊಟ್ಟವರು ತೀರಿಕೊಂಡ ಮಾವ. "ಮರದ ಪಕ್ಕ ಒಲೆ ಅಂದ್ರೆ ನಡುವೆ ಇಟ್ಟಿಗೆ ಇರ್ಬೇಕು" ಅಂದಿದ್ದರು.

"ನಾನು ಎಷ್ಟು ಸಲ ಬಡ್ಕೊಂಡೆ!" ಎಂದು ಭಾವ, ಅಂದರೆ ಅವಳ ಗಂಡನ ಅಣ್ಣ, ನಡುಬೀದಿಯಲ್ಲಿ ನಿಂತು ಕೂಗಿದ. ಅವನ ಅಂಗಿ ಒದ್ದೆಯಾಗಿತ್ತು, ಮುಖಕ್ಕೆ ಮಸಿ ಮೆತ್ತಿತ್ತು. "ಬಡಗಿ ಶೆಡ್ಡಿನ ಪಕ್ಕ ಒಲೆ ಬೇಡ, ಬೇಡ, ಬೇಡ ಅಂತ. ಕೇಳಿದ್ರಾ? ಎಳ್ಳು ಸಿಡಿದು ಬಾಗಿಲ ಸಂದಿಯಿಂದ ಹಾರಿ ಮರದ ಹೊಟ್ಟಿಗೆ ಬಿದ್ದಿರುತ್ತೆ. ಆಯ್ತಲ್ಲ! ಎಲ್ಲಾ ಆಯ್ತಲ್ಲ!"

"ಭಾವ, ನಾನಿವತ್ತು ಎಳ್ಳು ಹುರಿದೇ ಇಲ್ಲ," ಅಂದಳು ಅವಳು. "ಹುರಿದಿದ್ದು ಕಡಲೆಕಾಯಿ ಬೀಜ. ಹನ್ನೆರಡಕ್ಕೆ ಮುಗಿಸಿ ಸಿಲಿಂಡರ್ ಬಂದ್ ಮಾಡಿ ಬಂದೆ. ನೋಡಿ, ಈಗಲೂ ಬಂದ್ ಆಗೇ ಇದೆ."

"ಬೆಂಕಿ ಬಿದ್ದ ಮೇಲೆ ಬಂದ್ ಮಾಡಿರ್ತೀಯ."

"ಬಾಗಿಲು ನೋಡಿ. ಶೆಡ್ಡಿನ ಕಡೆ ಬೆಂದು ಇದ್ದಿಲಾಗಿದೆ. ನನ್ನ ಕಡೆ ಬರೀ ಹೊಗೆ ಹಿಡಿದಿದೆ. ನನ್ನ ಕಡೆಯಿಂದ ಬೆಂಕಿ ಹೋಗಿದ್ರೆ ನನ್ನ ಕಡೆ ಸುಡ್ಬೇಕಿತ್ತಲ್ವಾ?"

"ಬೆಂಕಿ ಏನು ನಿನ್ನ ಹತ್ರ ದಾರಿ ಕೇಳ್ಕೊಂಡು ಬರುತ್ತಾ?"

ಬೀದಿ ನಕ್ಕಿತು. ಸುಟ್ಟ ಮರದ ಮುಂದೆ ನಿಂತವನ ಮಾತಿಗೆ ಇರುವ ತೂಕ ಪಕ್ಕದಲ್ಲಿ ಒಲೆ ಇಟ್ಟವಳ ಮಾತಿಗೆ ಇರುವುದಿಲ್ಲ. ಅವಳು ಗಂಡನ ಕಡೆ ನೋಡಿದಳು. ಗಂಡ ಬಕೆಟ್ಟಿನ ತಳವನ್ನು ನೋಡುತ್ತಿದ್ದ.

ಸಂಜೆಯ ಹೊತ್ತಿಗೆ ಭಾವ ಅವಳ ಕೋಣೆಗೆ ತನ್ನದೇ ಬೀಗ ಹಾಕಿದ. ಒಲೆ, ಬಾಣಲೆ, ಬೀಜದ ಡಬ್ಬಿಗಳು, ಎಲ್ಲ ಒಳಗೇ ಉಳಿದವು. "ಮಂಗಳವಾರ ಸಂಜೆಯೊಳಗೆ ಸಾಮಾನು ತೆಗೀಬೇಕು. ಆ ಕೋಣೆ ಇನ್ನು ಹಲಗೆ ಇಡೋಕೆ," ಎಂದು ಅತ್ತೆಯ ಮುಂದೆ ಹೇಳಿದ. ಓರಗಿತ್ತಿ ಅಕ್ಕ ತಟ್ಟೆ ಜೋಡಿಸುತ್ತಾ, "ಆದದ್ದು ಆಯ್ತು, ಇನ್ನು ಮನೇಲಿ ಆರಾಮಾಗಿರು" ಅಂದಳು. ಆ ಮಾತಿಗೆ ಎಳ್ಳಕ್ಕನ ಮೈ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೂ ಅಲ್ಲದೆ, ಬರೆ ತಣ್ಣಗಿದೆಯಾ ಎಂದು ಕೇಳಿದ ಹಾಗಾಯಿತು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಕಿಟಕಿಯ ಮುಂದೆ ಬಂದು ನಿಂತಳು. ವಾರಕ್ಕೊಮ್ಮೆ ಅಗಸೆ ಪುಡಿ ಒಯ್ಯುವವಳು. ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಿ ಎಂದು ಮೊದಮೊದಲು ಜಗಳವಾಡಿದ್ದಳು. ಎಳ್ಳಕ್ಕ ಕೊಟ್ಟಿರಲಿಲ್ಲ. ಅಗಸೆಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೆ ಮೈಗೆ ಹಿಡಿಯುತ್ತದೆ. ಆದರೆ ಪುಡಿ ಮಾಡಿದ ಕೂಡಲೇ ಅದರ ಎಣ್ಣೆಗೆ ಗಾಳಿ ತಾಗುತ್ತದೆ, ಗಾಳಿ ತಾಗಿದ ಎಣ್ಣೆ ದಿನ ಕಳೆದಂತೆ ಕಹಿಯಾಗುತ್ತದೆ. ಹೃದಯಕ್ಕೆ ಒಳ್ಳೆಯದೆಂದು ಜನ ಹುಡುಕಿಕೊಂಡು ಬರುವುದೂ ಆ ಎಣ್ಣೆಗೇ, ಬೇಗ ಕೆಡುವುದೂ ಆ ಎಣ್ಣೆಯೇ. ಬೇರೆ ಯಾವ ಬೀಜಕ್ಕೂ ಇಷ್ಟು ಅವಸರವಿಲ್ಲ.

"ಬೀಗ ಯಾಕೆ? ನಿಮ್ಮ ಒಲೆಯಿಂದ ಬಿತ್ತಂತಲ್ಲ ಬೆಂಕಿ?"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಿದಾರಪ್ಪ. ಶಾಲೆ ದೊಡ್ಡಮೇಡಂ ಕೂಡ ಇನ್ಮೇಲೆ ಮಕ್ಕಳಿಗೆ ಕಡಲೆಕಾಯಿ ಬೀಜ ನಿಮ್ಮ ಹತ್ರ ತರಿಸಲ್ಲ ಅಂದ್ರಂತೆ. ಜಾಗ್ರತೆ ಇಲ್ಲದ ಕಡೆ ಯಾಕೆ ಅಂತ."

ಜಾಗ್ರತೆ ಇಲ್ಲದ ಕಡೆ. ಆ ಶಾಲೆಯ ಮಕ್ಕಳಲ್ಲಿ ಯಾರಿಗೆ ಕಡಲೆಕಾಯಿ ಆಗುವುದಿಲ್ಲ ಎಂದು ಕೇಳಿ ತಿಳಿದುಕೊಂಡು, ಆ ಇಬ್ಬರಿಗೆ ಬೇರೆ ಬಾಣಲೆಯಲ್ಲಿ ಸೂರ್ಯಕಾಂತಿ ಬೀಜ ಹುರಿದು ಬೇರೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದವಳು ಅವಳು. ನರ್ಸ್ ಹೋದ ಮೇಲೆ ಎಳ್ಳಕ್ಕ ಬೀಗವನ್ನು ಹಿಡಿದು ಒಮ್ಮೆ ಜೋರಾಗಿ ಜಗ್ಗಿದಳು. ಅದು ಬಡಗಿ ಹಾಕಿದ ಚಿಲಕ. ಅಲ್ಲಾಡಲಿಲ್ಲ.

ಸುಟ್ಟ ಶೆಡ್ಡನ್ನು ಶುಚಿ ಮಾಡುವ ಕೆಲಸ ಮಾತ್ರ ಅವಳ ಪಾಲಿಗೇ ಬಂತು. ಬೆಂಕಿ ಆರಿಸುವ ಗಡಿಬಿಡಿಯಲ್ಲಿ ಮುಂಬಾಗಿಲ ಹತ್ತಿರ ಪಾಲಿಶ್ ಎಣ್ಣೆಯ ಹೊಸ ಡಬ್ಬಿ ಉರುಳಿ, ಎಣ್ಣೆ ನೆಲವೆಲ್ಲ ಹರಡಿತ್ತು. ಹಳೆ ಸೀರೆ ಹರಿದು ಒರೆಸಿದಳು. ಒರೆಸಿದ ತುಂಡುಗಳನ್ನೆಲ್ಲ ಬಕೆಟ್ಟಿಗೆ ಒತ್ತಿ ತುಂಬಿ, ಮೆಟ್ಟಿಲ ಕೆಳಗೆ ನೆರಳಲ್ಲಿ ಇಟ್ಟಳು. ಊಟ ಮಾಡಿದರೂ ಆಯಿತು, ಬಿಟ್ಟರೂ ಆಯಿತು ಎಂಬಂತೆ ಎರಡು ತುತ್ತು ತಿಂದು ಬಂದು, ಎಸೆಯೋಣವೆಂದು ಬಕೆಟ್ಟು ಎತ್ತಿದಳು.

ಬಕೆಟ್ಟಿನ ತಳ ಬೆಚ್ಚಗಿತ್ತು.

ಬಿಸಿಲು ಅಲ್ಲಿಗೆ ಬರುವುದಿಲ್ಲ. ಬೆಂಕಿ ಆರಿ ಒಂದು ದಿನವಾಗಿತ್ತು. ಅವಳು ಬಟ್ಟೆಗಳ ನಡುವೆ ಕೈ ತೂರಿಸಿದಳು. ಮೇಲೆ ತಣ್ಣಗೆ, ಒಳಗೆ ಬಿಸಿ, ಇಸ್ತ್ರಿ ಪೆಟ್ಟಿಗೆ ಈಗಷ್ಟೇ ತೆಗೆದ ಬಟ್ಟೆಯ ಹಾಗೆ. ಕೈ ಹೊರಗೆ ತೆಗೆದಾಗ ಮೂಗಿಗೆ ಬಡಿದ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಕಮಟು, ಕಹಿ, ಹಳೆಯ ಅಗಸೆ ಪುಡಿಯದು. ಭಾನುವಾರ ಹನ್ನೆರಡಕ್ಕೆ ಕೋಣೆ ಮುಚ್ಚುವಾಗಲೂ ಇದೇ ವಾಸನೆ ಬಂದಿತ್ತು. ಪುಡಿ ಕೆಟ್ಟಿತೇನೋ ಎಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿಯೂ ನೋಡಿದ್ದಳು. ಪುಡಿ ಚೆನ್ನಾಗಿತ್ತು.

ಪಾಲಿಶ್ ಎಣ್ಣೆ ಎಂದು ಅಣ್ಣತಮ್ಮಂದಿರು ಕರೆಯುತ್ತಿದ್ದದ್ದು ಅಗಸೆ ಎಣ್ಣೆಯನ್ನೇ. ಬೇಗ ಒಣಗಲೆಂದು ಏನೋ ಬೆರೆಸಿದ ಎಣ್ಣೆ. ತಿನ್ನುವುದಕ್ಕಲ್ಲ, ಮರಕ್ಕೆ ಮಾತ್ರ. ನೀರು ಒಣಗಿದರೆ ಆವಿಯಾಗಿ ಹೋಗುತ್ತದೆ. ಈ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ, ಗಾಳಿ ಕುಡಿದು ಗಟ್ಟಿಯಾಗುತ್ತದೆ. ಹಾಗೆ ಗಾಳಿ ಕುಡಿಯುವಾಗ ಬಿಸಿಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ಅಂಗೈ ಹೇಳಿತು.

ತುಂಡುಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದ ತಂತಿಯ ಮೇಲೆ ಹರವಿದಳು. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾದವು. ಹರವುತ್ತಿದ್ದಂತೆ ಆ ತಂತಿಯ ನೆನಪೂ ಬಂತು. ಮಾವ ಇದ್ದಷ್ಟು ಕಾಲ ಪಾಲಿಶ್ ಬಟ್ಟೆಗಳನ್ನು ಮಗುವಿನ ಬಟ್ಟೆ ಒಣಹಾಕುವಂತೆ ಆ ತಂತಿಗೆ ಬಿಡಿಬಿಡಿಯಾಗಿ ಹಾಕಿಸುತ್ತಿದ್ದರು. ಮಕ್ಕಳು ಅದನ್ನು ಅಪ್ಪನ ಜಿಪುಣತನ ಎಂದು ನಗುತ್ತಿದ್ದರು. ಅವರು ಹೋದ ಮೇಲೂ ಅಭ್ಯಾಸಬಲದಿಂದ ಹಾಕುತ್ತಿದ್ದರು.

ಹಾಗಾದರೆ ಭಾನುವಾರದ ಬಟ್ಟೆಗಳು ಎಲ್ಲಿ?

ಗಂಡ ಸುಟ್ಟ ಕುರ್ಚಿಯ ಕಾಲುಗಳನ್ನು ಬೇರೆ ಮಾಡುತ್ತಾ ಕೂತಿದ್ದ.

"ರೀ, ನಿನ್ನೆ ಬೆಳಿಗ್ಗೆ ಮೇಜುಗಳಿಗೆ ಕೊನೇ ಪಾಲಿಶ್ ಹಾಕಿದ್ರಲ್ಲ, ಆ ಬಟ್ಟೆ ಎಲ್ಲಿ ಹಾಕಿದ್ರಿ?"

ಅವನು ಕೈ ನಿಲ್ಲಿಸಿದ. "ಯಾಕೆ?"

"ತಂತಿ ಮೇಲೆ ಇರ್ಲಿಲ್ಲ. ಎಲ್ಲಿ?"

"ಹೋಟೆಲಿನೋರು ಮೇಜು ನೋಡೋಕೆ ಬರೋರಿದ್ರು. ಅಂಗಳದಲ್ಲಿ ಗಲೀಜು ನೇತಾಡೋದು ಬೇಡ ಅಂತ ಅಣ್ಣ ಅಂದ. ರಟ್ಟಿನ ಪೆಟ್ಟಿಗೇಲಿ ತುರುಕಿ ಬೆಂಚಿನ ಕೆಳಗೆ ಇಟ್ಟೆ."

"ಯಾವ ಬೆಂಚು?"

ಆ ಶೆಡ್ಡಿನಲ್ಲಿ ಪಾಲಿಶ್ ಬೆಂಚು ಇದ್ದದ್ದು ಒಂದೇ. ಅದು ಇದ್ದ ಜಾಗದಲ್ಲಿ ಈಗ ನೆಲದವರೆಗೂ ಕರಿ ಗುಂಡಿ.

"ನಿಮಗೆ ಗೊತ್ತಿತ್ತು," ಅಂದಳು.

"ಗೊತ್ತಿರ್ಲಿಲ್ಲ ಕಣೇ. ಆಣೆ. ಆದ್ರೆ..." ಅವನು ಉಳಿಯನ್ನು ಕೆಳಗಿಟ್ಟ. "ಆರಿಸುವಾಗ ಉರಿ ಆ ಬೆಂಚಿನ ಕೆಳಗೇ ಜಾಸ್ತಿ ಇತ್ತು. ನೋಡಿದೆ. ಒಂದು ಅನುಮಾನ ಬಂತು. ಬಟ್ಟೆ ತಾನಾಗೇ ಹೇಗೆ ಹೊತ್ಕೊಳುತ್ತೆ ಅಂತ ಸುಮ್ಮನಾದೆ."

"ಸುಮ್ಮನಾದ್ರಿ. ಎಳ್ಳು ಗೋಡೆ ಹಾರಿ ಬೆಂಕಿ ಹಚ್ಚುತ್ತೆ ಅಂದಾಗ ಅನುಮಾನ ಬರ್ಲಿಲ್ಲ. ಬಟ್ಟೆಗೆ ಮಾತ್ರ ಬಂತು. ಅದನ್ನೂ ನುಂಗ್ಕೊಂಡ್ರಿ."

"ಅಣ್ಣನ ಮುಂದೆ ಏನಂತ ಹೇಳಲಿ? ನೀನು ಹೇಳಿದ್ದಕ್ಕೇ ಹೀಗಾಯ್ತು ಅನ್ನಲಾ?"

"ಅದನ್ನೇ ಅನ್ಬೇಕಿತ್ತು. ಬೀದಿ ತುಂಬ ಜನ ಇದ್ರಲ್ಲ, ಕೇಳೋಕೆ."

ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಭಾವನ ಮೇಲೆ ಇದ್ದ ಕೋಪ ಒಣ ಕಟ್ಟಿಗೆಯ ಬೆಂಕಿ, ಧಗಧಗ ಉರಿದು ಕಾಣುವಂಥದ್ದು. ಇದು ಆ ಬಕೆಟ್ಟಿನ ಒಳಗಿನಂಥದ್ದು.

ಸಂಜೆ ಭಾವ ಚಹಾ ಕುಡಿಯುತ್ತಾ, ಯಾವತ್ತಿನಂತೆ, ಕಪಾಟಿನ ಮೇಲಿದ್ದ ಅವಳ ಕುಂಬಳ ಬೀಜದ ಡಬ್ಬಿಗೆ ಕೈ ಹಾಕಿದ. ದಿನಕ್ಕೊಂದು ಹಿಡಿ ತಿನ್ನುವುದು ಅವನ ರೂಢಿ. ವಯಸ್ಸಾದ ಗಂಡಸರಿಗೆ ಒಳ್ಳೆಯದು ಎಂದು ಎಲ್ಲೋ ಕೇಳಿದ್ದ. ಎಳ್ಳಕ್ಕ ಡಬ್ಬಿಯನ್ನು ಅವನ ಕೈಯಿಂದ ತೆಗೆದು ಮುಚ್ಚಳ ಹಾಕಿದಳು.

"ಹುರಿದಿದ್ದು ನನ್ನ ಒಲೇಲಿ, ಭಾವ. ತಿನ್ಬೇಡಿ. ಹೊಟ್ಟೇಲಿ ಬೆಂಕಿ ಬಿದ್ದೀತು."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲೋ, ಹೆದರಿಕೆಯೋ ತಿಳಿಯಲಿಲ್ಲ. ಎಳ್ಳಕ್ಕ ಅಲ್ಲೇ ನಿಂತು ಬಕೆಟ್ಟಿನ ವಿಷಯ ಹೇಳಿದಳು. ರಟ್ಟಿನ ಪೆಟ್ಟಿಗೆಯ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಬೇಕಾದವನು ಮೂಲೆಯಲ್ಲಿ ಕೂತಿದ್ದ, ಅವನೂ ಹೇಳಲಿಲ್ಲ.

ಭಾವ ಜೋರಾಗಿ ನಕ್ಕ. "ಕೇಳಿದ್ಯೇನಮ್ಮಾ ನಿನ್ನ ಸೊಸೆ ಮಾತು? ಬಟ್ಟೆಗೆ ತಾನಾಗೇ ಬೆಂಕಿ ಹತ್ಕೊಳುತ್ತಂತೆ! ಎಣ್ಣೆ ಅಂದ್ಮೇಲೆ ಎಲ್ಲಾ ಒಂದೇ. ನಿನ್ನ ಕಡಲೆಕಾಯಿ ಎಣ್ಣೆ ಒರೆಸಿದ ಬಟ್ಟೆ ಇಷ್ಟು ವರ್ಷ ಯಾಕೆ ಉರೀಲಿಲ್ಲ?"

"ಎಲ್ಲಾ ಒಂದೇ ಆಗಿದ್ರೆ ನೀವು ಮೇಜಿಗೆ ಕಡಲೆಕಾಯಿ ಎಣ್ಣೆನೇ ಬಳೀಬಹುದಿತ್ತಲ್ಲ, ಯಾಕೆ ಬಳಿಯಲ್ಲ?"

"ಅದು ಒಣಗಲ್ಲ. ಅಂಟಂಟು."

"ಅದೇ. ಒಣಗೋ ಎಣ್ಣೆನೇ ಬಿಸಿಯಾಗೋದು. ನಾಳೆ ಬೆಳಿಗ್ಗೆ ಅಂಗಳಕ್ಕೆ ಬನ್ನಿ, ತೋರಿಸ್ತೀನಿ. ಬೀಗದ ಕೈನೂ ತನ್ನಿ."

"ಹೊತ್ಕೊಳ್ಳದಿದ್ರೆ?"

"ಸಂಜೆಗೆ ನಾನೇ ಸಿಲಿಂಡರ್ ಹೊತ್ಕೊಂಡು ಹೋಗಿ ವಾಪಸ್ ಕೊಟ್ಟು ಬರ್ತೀನಿ."

ಮಂಗಳವಾರ ಬೆಳಿಗ್ಗೆ ಅಂಗಳದ ನಡುವೆ, ಮರದಿಂದಲೂ ಗೋಡೆಯಿಂದಲೂ ದೂರ, ಅವಳು ಎರಡು ರಟ್ಟಿನ ಪೆಟ್ಟಿಗೆ ಇಟ್ಟಳು. ಪಕ್ಕದಲ್ಲಿ ಮರಳು, ಎರಡು ಬಕೆಟ್ ನೀರು. ಒಂದು ಪೆಟ್ಟಿಗೆಗೆ ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ ತಾನೇ ತುಂಬಿದಳು. ಇನ್ನೊಂದಕ್ಕೆ ಉಳಿದ ಪಾಲಿಶ್ ಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಗಳ ರಾಶಿಯನ್ನು ಗಂಡನ ಮುಂದೆ ಹಾಕಿದಳು.

"ತುಂಬಿ."

"ನಾನ್ಯಾಕೆ?"

"ಭಾನುವಾರ ಹೇಗೆ ತುರುಕಿದ್ರೋ ಹಾಗೇ ತುರುಕಿ. ಕಮ್ಮಿಯೂ ಬೇಡ, ಜಾಸ್ತಿಯೂ ಬೇಡ. ಆಮೇಲೆ ನಾನು ಮೋಸ ಮಾಡಿದೆ ಅನ್ನೋದು ಬೇಡ."

ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಭಾವ ಕಾಲು ಇಳಿಸಿದ. ಎದುರಿನ ಸೈಕಲ್ ರಿಪೇರಿಯವನು ಕೈಯಲ್ಲಿ ಟ್ಯೂಬ್ ಹಿಡಿದೇ ಗೇಟಿನ ಹತ್ತಿರ ಬಂದು ನಿಂತಿದ್ದ. ಗಂಡ ಒಮ್ಮೆ ಅಣ್ಣನನ್ನು ನೋಡಿದ, ಒಮ್ಮೆ ಹೆಂಡತಿಯನ್ನು. ಆಮೇಲೆ ಮಂಡಿಯೂರಿ ಕೂತು, ಬಟ್ಟೆಗಳನ್ನು ಉಂಡೆ ಮಾಡಿ ಮಾಡಿ ಪೆಟ್ಟಿಗೆಗೆ ತುರುಕಿದ. ಮುಷ್ಟಿಯಿಂದ ಒತ್ತಿದ. ಮೇಲಿನ ರಟ್ಟನ್ನು ಮಡಚಿದ. ಆ ಕೈ ಮೊನ್ನೆಯಷ್ಟೇ ಮಾಡಿದ ಕೆಲಸ ಎಂದು ನೋಡಿದವರಿಗೆಲ್ಲ ತಿಳಿಯಿತು.

"ಏನೋ ಇದು?" ಅಂದ ಅಣ್ಣ.

"ನೀನೇ ಹೇಳಿದ್ದಲ್ಲ ಅಣ್ಣ. ತಂತಿ ಮೇಲೆ ಗಲೀಜು ಬೇಡ ಅಂತ."

"ನಾನು ಒಳಗಿಡು ಅಂದೆ. ಬೆಂಕಿ ಹಚ್ಚು ಅಂದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇತ್ತು. ಬೆಂಕಿಗೆ ಅವನು ಕಾರಣ ಎಂದು ಯಾರೂ ಇನ್ನೂ ಅಂದಿರಲಿಲ್ಲ.

ಒಂದು ಗಂಟೆ ಏನೂ ಆಗಲಿಲ್ಲ. ಎರಡು ಗಂಟೆ ಕಳೆಯಿತು. ಬಿಸಿಲು ಏರಿತು. ಭಾವನ ಧೈರ್ಯವೂ ಏರಿತು. "ಸಿಲಿಂಡರ್ ಹೊರೋಕೆ ಆಟೋ ಹೇಳಲಾ?" ಅಂದ. ಸೈಕಲ್ ರಿಪೇರಿಯವನು ನಕ್ಕು ಅಂಗಡಿಗೆ ಹಿಂತಿರುಗಿದ. ಅಕ್ಕ ಅಡುಗೆಗೆ ಎದ್ದಳು. ಎಳ್ಳಕ್ಕ ಕದಲಲಿಲ್ಲ. ಆಗಾಗ ಎರಡೂ ಪೆಟ್ಟಿಗೆಗಳ ಬದಿಗೆ ಅಂಗೈ ಇಡುತ್ತಿದ್ದಳು. ಎರಡೂ ಬಿಸಿಲಿಗೆ ಒಂದೇ ಸಮ ಬೆಚ್ಚಗಿದ್ದವು. ನಿನ್ನೆಯ ಅಂಗೈ ಸುಳ್ಳು ಹೇಳಿತೇ ಎಂಬ ಯೋಚನೆ ಬಂತು. ಬಾಯಾರಿದರೂ ಎದ್ದು ನೀರು ಕುಡಿಯಲಿಲ್ಲ. ಎದ್ದರೆ ಸೋತು ಎದ್ದಳು ಅನ್ನುತ್ತಾರೆ.

ಮೊದಲು ಬಂದದ್ದು ವಾಸನೆ. ಅತ್ತೆ ಮೂಗರಳಿಸಿದರು. "ಏನೋ ಕಮಟು," ಅಂದರು.

ಎಳ್ಳಕ್ಕ ಕಡಲೆಕಾಯಿ ಎಣ್ಣೆಯ ಪೆಟ್ಟಿಗೆಯ ಮೇಲೆ ಕೈ ಇಟ್ಟಳು, ಮೊದಲಿನಷ್ಟೇ. ಪಾಲಿಶ್ ಎಣ್ಣೆಯದರ ಮೇಲೆ ಇಟ್ಟು ತಟ್ಟನೆ ತೆಗೆದಳು. "ಮುಟ್ಟಿ ನೋಡಿ, ಭಾವ."

ಅವನು ಮುಟ್ಟಿದ. ಅವನು ಕುರ್ಚಿಗೆ ಹಿಂತಿರುಗುವ ಮುಂಚೆಯೇ ಮಡಚಿದ ರಟ್ಟಿನ ಸಂದಿಯಿಂದ ದಾರದಂಥ ಹೊಗೆ ಎದ್ದಿತು. ದಾರ ಹಗ್ಗವಾಯಿತು. ರಟ್ಟಿನ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಗಿ, ತೂತು ಬಿತ್ತು. ತೂತಿನೊಳಗೆ ಬಟ್ಟೆಯ ಅಂಚು ಕೆಂಡದಂತೆ ಕೆಂಪಗಿತ್ತು. ಗಾಳಿ ಬೀಸಿತು, ಉರಿ ಎದ್ದಿತು. ಬೆಂಕಿಕಡ್ಡಿ ಗೀರಿದವರು ಯಾರೂ ಇರಲಿಲ್ಲ.

ಗಂಡ ಓಡಿಬಂದು ನೀರೆತ್ತಿದ. ಅವಳು ಅವನ ಕೈ ಹಿಡಿದಳು. "ಇರಿ. ಎಲ್ರೂ ನೋಡ್ಲಿ." ಸೈಕಲ್ ರಿಪೇರಿಯವನು ಮತ್ತೆ ಗೇಟಿಗೆ ಬಂದಿದ್ದ. ಅವನ ಹಿಂದೆ ಇನ್ನೂ ನಾಲ್ಕು ಜನ. ಅವರೆಲ್ಲ ನೋಡಿದ ಮೇಲೆ ಅವಳೇ ಮರಳು ಸುರಿದಳು, ಆಮೇಲೆ ನೀರು.

ಅತ್ತೆ ಅಂಗಳದ ತಂತಿಯ ಕಡೆ ನೋಡಿದರು. "ದೊಡ್ಡೋನೇ," ಅಂದರು, "ನಿನಗೆ ಮೀಸೆ ಬರೋಕೆ ಮುಂಚೆ ಒಂದ್ಸಲ ಬೆಂಚಿನ ಕೆಳಗೆ ಬಟ್ಟೆ ಬಿಟ್ಟೆ ಅಂತ ನಿಮ್ಮಪ್ಪ ಕಪಾಳಕ್ಕೆ ಹೊಡೆದಿದ್ರು. ಹರಕು ಬಟ್ಟೆಗೆ ಮಗನ್ನ ಹೊಡೀತೀರಾ ಅಂತ ನಾನು ಮೂರು ದಿನ ಮಾತು ಬಿಟ್ಟಿದ್ದೆ. ಯಾಕೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಭಾವ ಜೇಬಿನಿಂದ ಬೀಗದ ಕೈ ತೆಗೆದು ಚಾಚಿದ. "ತಗೋಮ್ಮ. ಆಯ್ತಲ್ಲ. ಇನ್ನು ಬಿಡು."

ಅವಳು ಕೈ ಚಾಚಲಿಲ್ಲ.

"ನೀವು ಬೀಗ ಹಾಕಿದ್ದು ಮನೆ ಒಳಗೆ, ಭಾವ. ಹೆಸರು ಕೆಡಿಸಿದ್ದು ನಡುಬೀದೀಲಿ. ಬೀಗ ನೀವೇ ತೆಗೀರಿ. ಬೀದಿಗೆ ಯಾರು ಹೇಳ್ತಾರೆ?"

"ಮನೆ ಮಾತು ಬೀದಿಗೆ ಯಾಕೆ?"

"ಭಾನುವಾರ ಇದು ಮನೆ ಮಾತಾಗಿರ್ಲಿಲ್ವಾ?"

ಭಾವನ ಮುಖ ಕೆಂಪಾಯಿತು. ಹೆಂಗಸರ ಮಾತಿಗೆ ತಾನು ಮನೆ ಮನೆ ತಿರುಗುವವನಲ್ಲ ಎಂದ. ಹೋಟೆಲಿನವರಿಗೆ ಏನು ಹೇಳಲಿ, ನಮ್ಮ ತಪ್ಪು ಅಂದರೆ ನಾಳೆ ಯಾರು ಕೆಲಸ ಕೊಡುತ್ತಾರೆ ಎಂದ. ನನಗೆ ಯಾರು ಕೊಡುತ್ತಾರೆ ಎಂದು ಅವಳು ಕೇಳಿದಳು. ಅವನು ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ.

ಅವಳು ಗಂಡನ ಕಡೆ ತಿರುಗಿದಳು. ಹೇಳುವುದನ್ನೆಲ್ಲ ನಿನ್ನೆ ಹೇಳಿಯಾಗಿತ್ತು. ಅವನು ಮಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಕಟ್ಟೆಯ ಮೇಲಿದ್ದ ಬೀಗದ ಕೈ ತೆಗೆದುಕೊಂಡ, ಕೋಣೆಯ ಬೀಗ ತೆಗೆದು ಬಾಗಿಲನ್ನು ಅಗಲವಾಗಿ ತೆರೆದಿಟ್ಟ. ಆಮೇಲೆ, ಚಪ್ಪಲಿ ಮೆಟ್ಟಿ ಗೇಟು ದಾಟಿದ.

ಅವನು ಮೊದಲು ಶಾಲೆಗೆ ಹೋದ. ಅಲ್ಲಿಂದ ಆಸ್ಪತ್ರೆಗೆ. ಆಮೇಲೆ ದರ್ಜಿ, ಚಹಾ ಅಂಗಡಿ, ಔಷಧಿ ಅಂಗಡಿ. ಎಲ್ಲ ಕಡೆ ಒಂದೇ ಮಾತು ಹೇಳಿದ: ಬೆಂಕಿ ಒಲೆಯದಲ್ಲ, ಎಣ್ಣೆ ಬಟ್ಟೆಯದು, ಪೆಟ್ಟಿಗೆಗೆ ತುರುಕಿದ್ದು ನಾನು, ಗೊತ್ತಾದ ಮೇಲೂ ಬಾಯಿ ಬಿಡದೆ ಇದ್ದದ್ದೂ ನಾನು. ದೊಡ್ಡಮೇಡಂ ಕೇಳಿಸಿಕೊಂಡು, ನೋಡೋಣ ಅಂದರು. ಅಣ್ಣನ ಹೆಸರನ್ನು ಅವನು ಎಲ್ಲೂ ಎತ್ತಲಿಲ್ಲ. ಅದನ್ನು ಕೇಳಿದಾಗ ಎಳ್ಳಕ್ಕನಿಗೆ ಮತ್ತೆ ಸಿಟ್ಟು ಬಂತು.

ನಾಲ್ಕು ಗಂಟೆಗೆ ನರ್ಸ್ ಬಂದು ಕಿಟಕಿ ತಟ್ಟಿದಳು. ಎಳ್ಳಕ್ಕ ಸಿಲಿಂಡರ್ ತಿರುಗಿಸಿ ಒಲೆ ಹೊತ್ತಿಸಿ, ಅಗಸೆ ಹುರಿದು, ಆರಿಸಿ, ಪುಡಿ ಮಾಡಿ, ಒಂದು ವಾರಕ್ಕಾಗುವಷ್ಟು ಕೊಟ್ಟಳು.